ಗುರುತಿಲ್ಲದ ಕೈ ಕೊಟ್ಟ ಮೊದಲ ಮದ್ದು

ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಹೊರಟವರಿಗೆ ಗುಡ್ಡಗಳನ್ನು ದಾಟಿದ ಮೇಲೆ ಸಿಗುವ ಊರು ಮರಿಯಮ್ಮನಹಳ್ಳಿ. ನಾಟಕ ಕಲಾವಿದರ ಊರೆಂದು ನಾಡಿಗೆಲ್ಲ ಪರಿಚಿತವಾದ ಈ ಊರು ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ. ಹಗಲು ರಾತ್ರಿ ಎನ್ನದೆ ಲಾರಿ, ಬಸ್ಸು, ಟ್ರ್ಯಾಕ್ಟರುಗಳು ಇಲ್ಲಿ ಓಡಾಡುತ್ತವೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಕಡೆಗೆ ಹೋಗುವವರೂ ಈ ಊರನ್ನು ಹಾದೇ ಹೋಗುತ್ತಾರೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಅಣ್ಣ ನೆಂಟರ ಮದುವೆ ಮುಗಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಹೊಸಪೇಟೆಗೆ ಮರಳುತ್ತಿದ್ದರು. ಮರಿಯಮ್ಮನಹಳ್ಳಿ ಇನ್ನೂ ಒಂದೆರಡು ಕಿಲೋಮೀಟರ್ ಇರುವಾಗ ಹಿಂದಿನಿಂದ ಬಂದ ವಾಹನವೊಂದು ಸವರಿಕೊಂಡು ಹೋಯಿತು. ಅಣ್ಣ ರಸ್ತೆಯ ಬದಿಯ ತಗಡಿನ ಮೇಲೆ ಬಿದ್ದರು. ಮುಂಗೈ ಆಳವಾಗಿ ಸೀಳಿ ರಕ್ತ ಚಿಮ್ಮತೊಡಗಿತು. ಸವರಿದ ವಾಹನ ನಿಲ್ಲಲಿಲ್ಲ.

ಹತ್ತಿರದಲ್ಲಿ ಒಂದು ಚಹಾದಂಗಡಿ ಇತ್ತು. ಅದನ್ನು ನಡೆಸುತ್ತಿದ್ದ ಐವತ್ತರ ಆಸುಪಾಸಿನ ಹೆಣ್ಣುಮಗಳು ಒಲೆಯ ಮೇಲಿನ ಹಾಲು ಉಕ್ಕುವುದನ್ನೂ ನೋಡದೆ ಓಡಿ ಬಂದರು. ಹೆಗಲ ಮೇಲಿದ್ದ ಟವೆಲನ್ನು ಮಡಚಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದರು. ಸುತ್ತ ಸೇರಿದವರಲ್ಲಿ ಒಬ್ಬ ಹುಡುಗನನ್ನು ನೋಡಿ, ‘ಏ ತಮ್ಮಾ, ನೀ 108ಕ್ಕ ಫೋನ್ ಹಚ್ಚು’ ಎಂದರು. ಇನ್ನೊಬ್ಬನನ್ನು ರಸ್ತೆಯ ಮೇಲೆ ನಿಲ್ಲಿಸಿ, ಬರುವ ಗಾಡಿಗಳಿಗೆ ವಸ್ತ್ರ ಬೀಸಲು ಹೇಳಿದರು. ಯಾರೋ ನೀರಿನ ಚೊಂಬು ತಂದರು. ಅರೆಪ್ರಜ್ಞೆಯಲ್ಲಿದ್ದ ಅಣ್ಣನ ಬಾಯಿಗೆ ಅದನ್ನು ಹಿಡಿಯಗೊಡಲಿಲ್ಲ. ‘ಹೆದರಬ್ಯಾಡ ನನ್ನಪ್ಪಾ, ಗಾಡಿ ಬರಾಕತ್ತೈತಿ’ ಎಂದು ಮತ್ತೆ ಮತ್ತೆ ಹೇಳುತ್ತ ಸುಮಾರು ಇಪ್ಪತ್ತು ನಿಮಿಷ ಹಿಡಿದ ಕೈ ಸಡಿಲಿಸದೆ ಕುಳಿತಿದ್ದರು.

ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿದ ವೈದ್ಯಮಿತ್ರರು ನನಗೆ ಹೇಳಿದ್ದು ಒಂದೇ ಮಾತು: ‘ಯಾರೋ ಚೆನ್ನಾಗಿ ಒತ್ತಿ ಹಿಡಿದಿದ್ದಾರೆ. ಇಲ್ಲದಿದ್ದರೆ ನಾವು ಮಾಡುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.’

ಆ ತಾಯಿ ಮಾಡಿದ್ದೇನು?

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಒಂದೂವರೆಯಿಂದ ಎರಡು ಲೀಟರ್ ಬೇಗನೆ ಹರಿದುಹೋದರೆ ರಕ್ತದೊತ್ತಡ ಕುಸಿಯುತ್ತದೆ. ಮೈ ತಣ್ಣಗಾಗಿ ಬೆವರುತ್ತದೆ, ನಾಡಿ ವೇಗವಾಗಿ ದುರ್ಬಲವಾಗುತ್ತದೆ, ಪ್ರಜ್ಞೆ ಮಸುಕಾಗುತ್ತದೆ. ಇದನ್ನೇ ವೈದ್ಯರು ‘ಆಘಾತ’ ಅಥವಾ ‘ಶಾಕ್’ ಎನ್ನುತ್ತಾರೆ. ದೊಡ್ಡ ರಕ್ತನಾಳ ಹರಿದಾಗ ಈ ಸ್ಥಿತಿಗೆ ತಲಪಲು ಕೆಲವು ನಿಮಿಷಗಳು ಸಾಕು. ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಅಷ್ಟು ಬೇಗ ಬರಲಾರದು. ಆ ನಿಮಿಷಗಳು ದಾರಿಹೋಕರ ಕೈಯಲ್ಲಿವೆ.

ಅಪಘಾತವಾದ ಮೊದಲ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ ಎಂದು ಕರೆಯುತ್ತಾರೆ. ಆ ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ರಸ್ತೆ ಅಪಘಾತದ ಸಾವುಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ತಡೆಯಬಹುದೆಂದು ಭಾರತದ ಕಾನೂನು ಆಯೋಗದ 201ನೇ ವರದಿ (2006) ಹೇಳುತ್ತದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅದರಲ್ಲಿ ಅರ್ಧ ಎಂದರೆ ಎಷ್ಟು ಮನೆಗಳು ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಚಹಾದಂಗಡಿಯ ಆ ತಾಯಿ ಯಾವ ತರಬೇತಿಯನ್ನೂ ಪಡೆದವರಲ್ಲ. ಆದರೂ ಅವರು ಮಾಡಿದ ನಾಲ್ಕು ಕೆಲಸಗಳೂ ಶಾಸ್ತ್ರಕ್ಕೆ ಸರಿಯಾಗಿದ್ದವು. ರಕ್ತವನ್ನು ಒತ್ತಿ ನಿಲ್ಲಿಸಿದರು. ಒಬ್ಬನನ್ನು ಗುರುತಿಸಿ ಫೋನ್ ಮಾಡಿಸಿದರು. ಇನ್ನೊಂದು ಅಪಘಾತವಾಗದಂತೆ ವಾಹನಗಳನ್ನು ಎಚ್ಚರಿಸಿದರು. ಅರೆಪ್ರಜ್ಞೆಯವನಿಗೆ ನೀರು ಕುಡಿಸಲಿಲ್ಲ. ಐದನೆಯದೊಂದನ್ನೂ ಮಾಡಿದರು, ಧೈರ್ಯ ಹೇಳಿದರು. ಅಣ್ಣನಿಗೆ ಆ ಮಧ್ಯಾಹ್ನದ ಬೇರೆ ಯಾವುದೂ ನೆನಪಿಲ್ಲ. ‘ನನ್ನಪ್ಪಾ’ ಎಂದ ಆ ದನಿ ಮಾತ್ರ ನೆನಪಿದೆ.

ಗುಂಪು ಏಕೆ ಸುಮ್ಮನೆ ನಿಲ್ಲುತ್ತದೆ?

ಇಲ್ಲಿ ನನ್ನ ಒಂದು ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ವೈದ್ಯಕೀಯ ಓದು ಮುಗಿಸಿ ಹೌಸ್ ಸರ್ಜನ್ ಆಗಿದ್ದ ದಿನಗಳಲ್ಲಿ ಒಮ್ಮೆ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ. ದಾರಿಯಲ್ಲಿ ಒಂದು ಸೈಕಲ್ಲು ಉರುಳಿಬಿದ್ದಿತ್ತು, ಪಕ್ಕದಲ್ಲಿ ಒಬ್ಬರು ಮಲಗಿದ್ದರು, ಸುತ್ತ ಹತ್ತಿಪ್ಪತ್ತು ಜನ ನಿಂತಿದ್ದರು. ಬಸ್ಸು ನಿಧಾನವಾಯಿತು. ನಾನು ಕಿಟಕಿಯಿಂದ ನೋಡಿದೆ. ‘ಅಷ್ಟು ಜನ ಇದ್ದಾರಲ್ಲ, ಯಾರಾದರೂ ನೋಡಿಕೊಳ್ಳುತ್ತಾರೆ’ ಎಂದುಕೊಂಡೆ. ಬಸ್ಸು ಮುಂದೆ ಹೋಯಿತು. ಆ ಮನುಷ್ಯ ಉಳಿದರೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಚಹಾದಂಗಡಿಯ ತಾಯಿಯ ವಿಷಯ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕಿಟಕಿ.

ಅಂದು ನನ್ನ ತಲೆಯಲ್ಲಿ ಬಂದ ಯೋಚನೆ ಅಲ್ಲಿ ನಿಂತಿದ್ದ ಪ್ರತಿಯೊಬ್ಬರ ತಲೆಯಲ್ಲೂ ಬಂದಿರಬಹುದು. ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಟಾನೆ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. ಬೇರೆ ಕೋಣೆಯಲ್ಲಿರುವವನಿಗೆ ಮೂರ್ಛೆ ಬಂದಂತೆ ದನಿ ಕೇಳಿಸಿದರು. ತಾನೊಬ್ಬನೇ ಅದನ್ನು ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ 100ಕ್ಕೆ 85 ಮಂದಿ ಅವನ ಮಾತು ಮುಗಿಯುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದಿದ್ದವರಲ್ಲಿ ಹಾಗೆ ಎದ್ದವರು 31 ಮಂದಿ ಮಾತ್ರ. ಜನ ಹೆಚ್ಚಾದಷ್ಟೂ ಹೊಣೆ ಹಂಚಿಹೋಗಿ ಯಾರ ಪಾಲಿಗೂ ಉಳಿಯುವುದಿಲ್ಲ.

1973ರಲ್ಲಿ ನಡೆದ ಇನ್ನೊಂದು ಪ್ರಯೋಗವೂ ಕುತೂಹಲಕರ. ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳುಹಿಸಿ, ದಾರಿಯಲ್ಲಿ ನರಳುವ ಒಬ್ಬನನ್ನು ಕೂರಿಸಿದ್ದರು. ಸಮಯವಿದೆ ಎಂದು ತಿಳಿದಿದ್ದವರಲ್ಲಿ 100ಕ್ಕೆ 63 ಮಂದಿ ನೆರವಾದರು. ತಡವಾಗಿದೆ ಎಂದು ಅವಸರದಲ್ಲಿದ್ದವರಲ್ಲಿ 10 ಮಂದಿ ಮಾತ್ರ. ಅಂದರೆ ನೆರವಾಗದವರೆಲ್ಲ ಕಲ್ಲೆದೆಯವರಲ್ಲ. ಅವಸರ, ಗುಂಪು, ಹೆದರಿಕೆ ಈ ಮೂರೂ ಒಳ್ಳೆಯವರ ಕೈಯನ್ನೇ ಕಟ್ಟಿಹಾಕುತ್ತವೆ.

ಅದರ ಬೆಲೆ ಎಷ್ಟೆಂಬುದನ್ನು ನಮ್ಮ ನೆರೆಯ ಕೊಪ್ಪಳ 2017ರ ಫೆಬ್ರುವರಿಯಲ್ಲಿ ಕಂಡಿತು. ಬಸ್ಸಿಗೆ ಸಿಕ್ಕಿದ ಹದಿನೆಂಟರ ಹುಡುಗನೊಬ್ಬ ರಕ್ತದ ಮಡುವಿನಲ್ಲಿ ನೆರವಿಗೆ ಮೊರೆಯಿಡುತ್ತಿದ್ದಾಗ ಸುತ್ತ ನಿಂತ ಹಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಹುಡುಗ ಉಳಿಯಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2016ರ ಫೆಬ್ರುವರಿಯಲ್ಲಿ, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿದ್ದ ಹರೀಶ್ ಎಂಬ ಯುವಕ ಕೊನೆಯುಸಿರಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡಿದ್ದ. ಅವನ ಕಣ್ಣುಗಳು ದಾನವಾದವು. ಅಪಘಾತದ ಗಾಯಾಳುಗಳಿಗೆ ತುರ್ತು ಚಿಕಿತ್ಸೆ ಕೊಡಿಸಲು ರಾಜ್ಯ ಸರ್ಕಾರ ಅದೇ ವರ್ಷ ತಂದ ಯೋಜನೆಗೆ ಅವನ ಹೆಸರನ್ನೇ ಇಟ್ಟಿತು. ಸಾಯುತ್ತಿರುವವನು ಗುರುತಿಲ್ಲದವರಿಗಾಗಿ ಅಷ್ಟು ಯೋಚಿಸಬಲ್ಲನಾದರೆ, ಬದುಕಿರುವ ನಾವು ಒಂದು ಟವೆಲು ಮಡಚಿ ಒತ್ತಲಾರೆವೆ?

ಪೊಲೀಸು, ಕೋರ್ಟು ಎಂಬ ಹೆದರಿಕೆ

‘ನೆರವಾಗಲು ಹೋದರೆ ನಾವೇ ಸಿಕ್ಕಿಹಾಕಿಕೊಳ್ಳುತ್ತೇವೆ’ ಎಂಬ ಮಾತು ಪ್ರತಿ ಊರಿನಲ್ಲೂ ಇದೆ. 2013ರಲ್ಲಿ ಸೇವ್‌ಲೈಫ್ ಫೌಂಡೇಶನ್ ನಡೆಸಿದ ಸಮೀಕ್ಷೆಯಲ್ಲಿ 100ಕ್ಕೆ 74 ಮಂದಿ ಅಪಘಾತದ ಗಾಯಾಳುವಿಗೆ ನೆರವಾಗಲು ಹಿಂಜರಿಯುವುದಾಗಿ ಹೇಳಿದ್ದರು. ಆ ಹೆದರಿಕೆಗೆ ಅಂದು ಕಾರಣವಿತ್ತು. ಈಗ ಕಾನೂನು ಬದಲಾಗಿದೆ. ಇದನ್ನು ಮನೆಯವರೆಲ್ಲ ತಿಳಿದಿರಬೇಕು.

ಯಾವುದೇ ವೈದ್ಯರು ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಬೇಕು, ಪೊಲೀಸ್ ವಿಧಿವಿಧಾನಗಳು ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತು. ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳನ್ನು 2016ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಕರ್ನಾಟಕ 2016ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು; 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134-ಎ ಎಂಬ ಕಲಮನ್ನು ಸೇರಿಸಿ ಇಡೀ ದೇಶಕ್ಕೆ ಇದನ್ನು ಅನ್ವಯಿಸಲಾಯಿತು.

ಇದರ ಸಾರ ಇಷ್ಟೆ. ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾದವರ ಮೇಲೆ, ಗಾಯಾಳು ಉಳಿಯದಿದ್ದರೂ, ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಆಸ್ಪತ್ರೆಗೆ ಕರೆತಂದವರನ್ನು ತಡೆದು ನಿಲ್ಲಿಸುವಂತಿಲ್ಲ, ಅವರಿಂದ ಹಣ ಕೇಳುವಂತಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟಕ್ಕೆ ಬಿಟ್ಟದ್ದು. ಗಾಯಾಳುವನ್ನು ಸುವರ್ಣ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿಯ ಬಹುಮಾನ ಆರಂಭಿಸಿ, 2025ರಲ್ಲಿ ಅದನ್ನು 25,000 ರೂಪಾಯಿಗೆ ಏರಿಸಿತು. ಬಹುಮಾನಕ್ಕಾಗಿ ಯಾರೂ ಓಡಿ ಬರುವುದಿಲ್ಲ. ಆದರೆ ಸರ್ಕಾರವೇ ಬೆನ್ನು ತಟ್ಟುತ್ತಿದೆ ಎಂಬ ಮಾತು ಹಿಂಜರಿಕೆಯನ್ನು ಕಳೆಯಲು ಸಾಕು.

ನೀವೇ ಅಲ್ಲಿದ್ದರೆ ಏನು ಮಾಡಬೇಕು?

• ಮೊದಲು ನಿಮ್ಮ ಸುರಕ್ಷತೆ ನೋಡಿಕೊಳ್ಳಿ. ಬರುವ ವಾಹನಗಳನ್ನು ಎಚ್ಚರಿಸಲು ಒಬ್ಬರನ್ನು ನಿಲ್ಲಿಸಿ.

• ‘ಯಾರಾದರೂ ಫೋನ್ ಮಾಡಿ’ ಎನ್ನಬೇಡಿ. ‘ಕೆಂಪು ಅಂಗಿಯವರೇ, ನೀವು ಮಾಡಿ’ ಎಂದು ಒಬ್ಬರನ್ನು ತೋರಿಸಿ ಹೇಳಿ. ಹಂಚಿಹೋದ ಹೊಣೆ ಆಗ ಒಬ್ಬರ ಹೆಗಲಿಗೆ ಬರುತ್ತದೆ. ಆಂಬುಲೆನ್ಸಿಗೆ 108, ಎಲ್ಲ ತುರ್ತಿಗೂ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಹತ್ತಿರದ ಊರು, ಸೇತುವೆ ಅಥವಾ ಕಿಲೋಮೀಟರ್ ಕಲ್ಲಿನ ಗುರುತು ಹೇಳಿ.

• ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ. ನಿಂತಿತೇ ಎಂದು ಪದೇ ಪದೇ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಿ. ಕಾಫಿಪುಡಿ, ಅರಿಶಿನ, ಮಣ್ಣು ಯಾವುದನ್ನೂ ಮೆತ್ತಬೇಡಿ. ಚುಚ್ಚಿಕೊಂಡ ಗಾಜು, ಕಬ್ಬಿಣವನ್ನು ಕೀಳಬೇಡಿ. ಸಾಧ್ಯವಾದರೆ ನಿಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಆಮೇಲೆ ಸಾಬೂನು ಹಚ್ಚಿ ತೊಳೆಯಿರಿ.

• ಪ್ರಜ್ಞೆ ಇಲ್ಲದೆ ಉಸಿರಾಡುತ್ತಿರುವವರು ವಾಂತಿ ಮಾಡಿಕೊಳ್ಳುತ್ತಿದ್ದರೆ, ಅಥವಾ ಗಂಟಲಲ್ಲಿ ಗೊರಗೊರ ಸದ್ದಾಗುತ್ತಿದ್ದರೆ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಪಕ್ಕಕ್ಕೆ ಹೊರಳಿಸಿ. ಉಳಿದಂತೆ ಕೈಕಾಲು ಹಿಡಿದು ಎಳೆದಾಡಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಜೀವನವಿಡೀ ಹಾಸಿಗೆ ಹಿಡಿಯಬೇಕಾದೀತು. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯಬೇಡಿ.

• ನೀರು, ಚಹಾ, ಸೋಡಾ ಏನನ್ನೂ ಕುಡಿಸಬೇಡಿ. ಅದು ಶ್ವಾಸನಾಳಕ್ಕೆ ಇಳಿದರೆ ಅಪಾಯ.

• ಕರೆದರೆ ಎಚ್ಚರವಿಲ್ಲ, ಸರಿಯಾದ ಉಸಿರಾಟವೂ ಇಲ್ಲ ಎಂದಾದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಇಳಿಯುವಂತೆ ಒತ್ತಿ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳು ಹಾನಿಗೊಳ್ಳತೊಡಗುತ್ತದೆ. ಆದ್ದರಿಂದ ನೆರವು ಬರುವವರೆಗೆ ನಿಲ್ಲಿಸಬೇಡಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ.

• ಮೂರ್ಛೆ ಬಂದವರ ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಬಾಯಿಗೆ ಏನನ್ನೂ ತುರುಕಬೇಡಿ. ಪೆಟ್ಟಾಗದಂತೆ ತಲೆಯ ಕೆಳಗೆ ಮೆತ್ತಗಿನ ಬಟ್ಟೆ ಇಟ್ಟು, ನಡುಕ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷಕ್ಕೂ ಹೆಚ್ಚಾದರೆ ಆಸ್ಪತ್ರೆಗೆ ಒಯ್ಯಲೇಬೇಕು.

ಬಿಸಿಲಿನ ದಾರಿಯಲ್ಲಿ

ಗುರುತಿಲ್ಲದವರಿಗೆ ಉಪಚರಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಫೆಬ್ರುವರಿ–ಮಾರ್ಚ್ ಸುಮಾರಿಗೆ ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ತೇರಿಗೆ ಸಾವಿರಾರು ಜನ ಪಾದಯಾತ್ರೆ ಹೊರಡುತ್ತಾರೆ. ಅವರು ಬರುವ ದಾರಿಯುದ್ದಕ್ಕೂ ಊರಿನವರು ನೀರು, ಮಜ್ಜಿಗೆ, ಊಟ ಇಟ್ಟುಕೊಂಡು ಕಾದಿರುತ್ತಾರೆ. ಬೊಬ್ಬೆ ಬಂದ ಕಾಲಿಗೆ ಎಣ್ಣೆ, ಮುಲಾಮು ಹಚ್ಚುವವರೂ ಇರುತ್ತಾರೆ. ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಅದೇ ಮನಸ್ಸನ್ನು ಏಪ್ರಿಲ್–ಮೇ ತಿಂಗಳ ಉರಿಬಿಸಿಲಿನಲ್ಲಿ ದಾರಿ ನಡೆಯುವ ಕೂಲಿಯವರಿಗೂ, ಕುರಿಗಾಹಿಗಳಿಗೂ ತೋರಿದರೆ ಎಷ್ಟೋ ಜೀವ ಉಳಿದೀತು.

ಬಿಸಿಲಿಗೆ ಬಳಲಿ ಬೆವರುತ್ತ, ತಲೆ ಸುತ್ತು ಎನ್ನುವವರನ್ನು ನೆರಳಿಗೆ ಕರೆತಂದು ಕೂರಿಸಿ. ಎಚ್ಚರವಿದ್ದರೆ ಉಪ್ಪು ಹಾಕಿದ ಮಜ್ಜಿಗೆಯನ್ನೋ, ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದ ಪಾನಕವನ್ನೋ ಗುಟುಕು ಗುಟುಕಾಗಿ ಕೊಡಿ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲುತ್ತಿದ್ದರೆ, ಅರಳುಮರಳಾಗಿದ್ದರೆ, ಅದು ಬಿಸಿಲಾಘಾತ. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಇಲ್ಲಿ ಕುಡಿಸಲು ಹೋಗಬಾರದು. 108ಕ್ಕೆ ಫೋನ್ ಮಾಡಿಸಿ, ಕೂಡಲೇ ಮೈಮೇಲೆ ನೀರು ಸುರಿದು ಗಾಳಿ ಬೀಸಿ; ಕತ್ತು, ಕಂಕುಳು, ತೊಡೆಸಂದಿಗೆ ತಣ್ಣೀರ ಬಟ್ಟೆ ಇಡಿ. ಕುಡಿದು ಬಿದ್ದಿದ್ದಾನೆ ಎಂದು ಮುಖ ತಿರುಗಿಸಿ ಹೋಗುವ ಮೊದಲು ಒಮ್ಮೆ ಹಣೆ ಮುಟ್ಟಿ ನೋಡಿ.

ಕಾಣದ ಗಾಯಕ್ಕೂ

ರಕ್ತ ಹರಿಯದ ಗಾಯಗಳೂ ಇವೆ. ಮರಿಯಮ್ಮನಹಳ್ಳಿಯಲ್ಲಿ ನೆಲೆಸಿರುವ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರ ಬದುಕು ಇದಕ್ಕೆ ಸಾಕ್ಷಿ. ಮನೆಯವರಿಂದ ದೂರವಾಗಿ, ಭಿಕ್ಷೆ ಬೇಡಿ, ಸಾಯುವ ಯೋಚನೆಯವರೆಗೂ ಹೋಗಿದ್ದ ದಿನಗಳನ್ನು ಅವರೇ ಹೇಳಿಕೊಂಡಿದ್ದಾರೆ. ಅಂಥ ದಿನಗಳಲ್ಲಿ ದಾವಣಗೆರೆಯ ಬಸ್ ನಿಲ್ದಾಣದ ಬಳಿ ಹಾಡಿ ಕುಣಿಯುತ್ತಿದ್ದ ತಂದೆ–ಮಗನನ್ನು ಅವರು ಕಂಡರು. ಗುರುತು ಪರಿಚಯವಿಲ್ಲದ ಅವರು ಕುಣಿತ ಹೇಳಿಕೊಟ್ಟರು. ಮುಂದೆ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಜಗುಲಿಯಲ್ಲಿ, ನದಿಯ ದಂಡೆಯಲ್ಲಿ ಒಬ್ಬರೇ ಕುಳಿತು ಅಳುವವರನ್ನು ಕಂಡರೆ ‘ಊಟ ಆಯ್ತೇನ್ರಿ?’ ಎಂದು ಕೇಳಿ. ಬುದ್ಧಿ ಹೇಳಬೇಡಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿದರೆ ಹಗಲಿರುಳೂ ಉಚಿತ ಸಲಹೆ ಸಿಗುತ್ತದೆ.

ಕೊಟ್ಟವರಿಗೂ ಲಾಭ

ನೆರವಿನಿಂದ ಪಡೆದವರಿಗೆ ಮಾತ್ರವಲ್ಲ, ಕೊಟ್ಟವರಿಗೂ ಒಳಿತಾಗುತ್ತದೆ. ತಮ್ಮ ಮೇಲೆ ಖರ್ಚು ಮಾಡಿಕೊಂಡವರಿಗಿಂತ ಇತರರಿಗಾಗಿ ಖರ್ಚು ಮಾಡಿದವರು ದಿನದ ಕೊನೆಗೆ ಹೆಚ್ಚು ಸಂತೋಷದಿಂದಿದ್ದರೆಂದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಹಣ ಹೆಚ್ಚೋ ಕಡಿಮೆಯೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನಾವು ಮಾಡಿದ ಸಣ್ಣ ಉಪಕಾರ ಪಡೆದವರಿಗೆ ಎಷ್ಟು ದೊಡ್ಡದೆನಿಸುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ ಎಂದು 2022ರ ಇನ್ನೊಂದು ಅಧ್ಯಯನ ಹೇಳುತ್ತದೆ. ‘ಇಷ್ಟರಿಂದ ಏನಾದೀತು’ ಎಂದು ಕೈ ಹಿಂದೆಗೆಯುವವರು ಇದನ್ನು ನೆನಪಿಡಬೇಕು. ಆದರೆ ಒಂದು ಮಾತು: ಭೀಕರ ಅಪಘಾತ ಕಂಡವರಿಗೆ ಕೆಲವು ದಿನ ನಿದ್ದೆ ಬಾರದಿರಬಹುದು, ದೃಶ್ಯ ಕಣ್ಣಿಗೆ ಕಟ್ಟಬಹುದು. ಅದನ್ನು ಮನೆಯವರೊಡನೆ ಹೇಳಿಕೊಳ್ಳಿ; ತಿಂಗಳಾದರೂ ಹೋಗದಿದ್ದರೆ ವೈದ್ಯರನ್ನು ಕಾಣಿರಿ.

ಅಣ್ಣ ಗುಣವಾದ ಮೇಲೆ ನಾವಿಬ್ಬರೂ ಆ ಚಹಾದಂಗಡಿಗೆ ಹೋಗಿದ್ದೆವು. ಒಂದು ಸೀರೆ, ಹಣ್ಣು, ಒಂದು ಹೊಸ ಟವೆಲು ಒಯ್ದಿದ್ದೆವು. ಆ ತಾಯಿ ಅಣ್ಣನ ಕೈ ಹಿಡಿದು ಗಾಯದ ಗುರುತನ್ನು ನೋಡಿದರು. ‘ಬೆರಳು ಆಡ್ತಾವೇನು?’ ಎಂದು ಕೇಳಿದರು. ಅಣ್ಣ ಬೆರಳು ಆಡಿಸಿ ತೋರಿಸಿದರು. ಸೀರೆ ಬೇಡವೆಂದರು, ಟವೆಲು ಇಟ್ಟುಕೊಂಡರು. ಅಂದು ಹೆದರಿಕೆಯಾಗಲಿಲ್ಲವೇ ಎಂದು ನಾನು ಕೇಳಿದೆ. ‘ಆತ್ರಿ ಯಪ್ಪಾ. ಆದ್ರ ಕೈ ಬಿಟ್ರ ರಕ್ತ ಬರ್ತಿತ್ತಲ್ಲ’ ಎಂದರು. ನಂತರ ನಮಗೆ ಚಹಾ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಈಗ ನಾನು ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ಗುಂಪು ಕಂಡರೆ ಕಂಡಕ್ಟರಿಗೆ ಹೇಳಿ ಇಳಿಯುತ್ತೇನೆ.